ಕೆರೆಯ ಮೀನು ಗುತ್ತಿಗೆ: ಹಣದ ಲೆಕ್ಕಕ್ಕೆ ಮೊದಲು ನೀರಿನ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ನಮ್ಮ ಸಾಮಾನ್ಯ ಸಭೆಗಳ ಕಾರ್ಯಸೂಚಿಯಲ್ಲಿ ‘ಕೆರೆಯ ಮೀನು ಪಾಶುವಾರು ಹಕ್ಕಿನ ವಿಲೇವಾರಿ’ ಎಂಬ ವಿಷಯ ಬಂದಾಗ ಚರ್ಚೆ ಬಹುತೇಕ ಐದು ನಿಮಿಷಗಳಲ್ಲಿ ಮುಗಿಯುತ್ತದೆ. ಕಳೆದ ಬಾರಿ ಎಷ್ಟಕ್ಕೆ ಹೋಯಿತು, ಈ ಬಾರಿ ಎಷ್ಟಕ್ಕೆ ಹೋಗಬಹುದು ಎಂಬ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಹೆಚ್ಚು ಕೂಗಿದವರಿಗೆ ಹಕ್ಕು ದೊರೆಯುತ್ತದೆ, ಮೊತ್ತ ಪಂಚಾಯಿತಿ ನಿಧಿಗೆ ಜಮೆಯಾಗುತ್ತದೆ, ಸಭೆ ಮುಂದಿನ ವಿಷಯಕ್ಕೆ ಸಾಗುತ್ತದೆ. ಆ ಐದು ನಿಮಿಷಗಳಲ್ಲಿ ಕೈಬಿಟ್ಟುಹೋಗುವ ಸಂಗತಿಗಳೇನು ಎಂಬುದನ್ನು ಪರಿಶೀಲಿಸುವುದು ಈ ಪಾಠದ ಉದ್ದೇಶ.

1. ಒಂದು ಅನುಭವ

ನಾನು ಸೇವೆಗೆ ಸೇರಿದ ಎರಡನೆಯ ವರ್ಷದ ಮಾತು. ನಾನಿದ್ದ ಪಂಚಾಯಿತಿಯ ಕೆರೆಯೊಂದನ್ನು ಒಂದು ವರ್ಷದ ಅವಧಿಗೆ ಹರಾಜು ಮಾಡಲಾಯಿತು. ನಿರೀಕ್ಷೆಗಿಂತ ಹೆಚ್ಚಿನ ಮೊತ್ತ ಬಂದಿತು. ಸಭೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಏಪ್ರಿಲ್ ತಿಂಗಳಲ್ಲಿ ಗುತ್ತಿಗೆದಾರರು ಡೀಸೆಲ್ ಪಂಪುಗಳನ್ನು ತಂದು, ಕೆರೆಯಲ್ಲಿ ಉಳಿದಿದ್ದ ನೀರನ್ನು ರಾತ್ರಿ ಹಗಲು ಎತ್ತಿ ಹೊರಗೆ ಹಾಯಿಸಿ, ಕೆಸರಿನಲ್ಲಿ ಸಿಕ್ಕ ಮೀನನ್ನು ಎರಡೇ ದಿನಗಳಲ್ಲಿ ತುಂಬಿಕೊಂಡು ಹೋದರು. ಅದರ ಮರುವಾರ ಕುರಿಗಳ ಹಿಂಡು ಕೆರೆಯಂಗಳಕ್ಕೆ ಬಂದು ನೀರಿಲ್ಲದೆ ಹಿಂದಿರುಗಿತು. ಹದಿನೈದು ದಿನಗಳಲ್ಲಿ ಏರಿಯ ಕೆಳಗಿನ ಕುಡಿಯುವ ನೀರಿನ ಕೊಳವೆಬಾವಿ ಬತ್ತಿತು. ಮಳೆ ಬರುವವರೆಗೆ ಟ್ಯಾಂಕರ್ ನೀರಿಗೆ ಪಂಚಾಯಿತಿ ವ್ಯಯಿಸಿದ ಹಣ, ಗುತ್ತಿಗೆಯಿಂದ ಬಂದ ಹಣವನ್ನು ಮೀರಿತು.

ಗುತ್ತಿಗೆದಾರರು ಯಾವ ಷರತ್ತನ್ನೂ ಉಲ್ಲಂಘಿಸಿರಲಿಲ್ಲ. ನೀರನ್ನು ಎತ್ತಬಾರದೆಂಬ ಷರತ್ತೇ ಕರಾರಿನಲ್ಲಿ ಇರಲಿಲ್ಲ. ಆ ಒಂದು ಪುಟದ ಕರಾರಿನ ಕರಡನ್ನು ಸಿದ್ಧಪಡಿಸಿದವನು ನಾನೇ. ಸಿವಿಲ್ ಇಂಜಿನಿಯರಿಂಗ್ ಓದಿದವನಾಗಿ ಏರಿ, ತೂಬು, ಕೋಡಿಗಳನ್ನು ಅಳೆಯಲು ಬಲ್ಲವನಾಗಿದ್ದರೂ, ಹರಾಜಿನ ದಿನ ನಾನು ಅಳೆದದ್ದು ಹಣವನ್ನು ಮಾತ್ರ. ಈ ಲೇಖನಕ್ಕೆ ಆ ತಪ್ಪೇ ಮೂಲ.

2. ಒಂದೇ ಕೆರೆ, ನಾಲ್ಕು ಹೊಣೆ

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 5ನೆಯದು ಮೀನುಗಾರಿಕೆ. ಆದರೆ 3ನೆಯದು ಸಣ್ಣ ನೀರಾವರಿ ಮತ್ತು ಜಲ ನಿರ್ವಹಣೆ, 4ನೆಯದು ಪಶುಸಂಗೋಪನೆ, 11ನೆಯದು ಕುಡಿಯುವ ನೀರು. ಈ ನಾಲ್ಕೂ ವಿಷಯಗಳು ನಮ್ಮ ಊರಿನ ಒಂದೇ ಕೆರೆಯಲ್ಲಿ ಸಂಧಿಸುತ್ತವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನುಸೂಚಿಯೂ ಗ್ರಾಮಗಳಲ್ಲಿ ಮೀನುಗಾರಿಕೆಯ ಅಭಿವೃದ್ಧಿಯನ್ನು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ. ಅಲ್ಲಿರುವ ಪದ ‘ಅಭಿವೃದ್ಧಿ’ ಎಂಬುದನ್ನು ಗಮನಿಸಬೇಕು. ಹರಾಜು ಅದರ ಒಂದು ಸಣ್ಣ ಭಾಗ ಮಾತ್ರ.

ಎಲ್ಲ ಜಲರಾಶಿಗಳೂ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಗಾಯತ್ರಿ ಜಲಾಶಯ ಹಾಗೂ ದೊಡ್ಡ ಅಚ್ಚುಕಟ್ಟಿನ ಕೆರೆಗಳ ಮೀನು ಹಕ್ಕನ್ನು ಮೀನುಗಾರಿಕೆ ಇಲಾಖೆ ನಿರ್ವಹಿಸುತ್ತದೆ. ಚಿಕ್ಕ ಕೆರೆ, ಕಟ್ಟೆಗಳು ಗ್ರಾಮ ಪಂಚಾಯಿತಿಯ ಪಟ್ಟಿಯಲ್ಲಿರುತ್ತವೆ. ಆದುದರಿಂದ ತಮ್ಮ ವ್ಯಾಪ್ತಿಯ ಪ್ರತಿಯೊಂದು ಕೆರೆಯೂ ‘ಇಲಾಖಾ ಕೆರೆ’ಯೋ ‘ಗ್ರಾಮ ಪಂಚಾಯಿತಿ ಕೆರೆ’ಯೋ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯ ಪಟ್ಟಿಯೊಡನೆ ತಾಳೆ ನೋಡಿ ದಾಖಲಿಸಿಕೊಳ್ಳುವುದು ಮೊದಲ ಹೆಜ್ಜೆ.

3. ನಮ್ಮ ಜಿಲ್ಲೆಯ ನೀರಿನ ಸ್ವಭಾವ

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಕಾಮಗಾರಿ 1907ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಮಟ್ಟ 130 ಅಡಿ. ಆ ಜಲಾಶಯ ಮೊದಲು ಕೋಡಿ ಹರಿದದ್ದು 1933ರಲ್ಲಿ. ಮತ್ತೊಮ್ಮೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಅಷ್ಟರೊಳಗೆ ಭದ್ರಾ ನೀರೂ ಅಲ್ಲಿಗೆ ಹರಿಯತೊಡಗಿತ್ತು. ಜಿಲ್ಲೆಯ ಅತಿ ದೊಡ್ಡ ಜಲಾಶಯದ ಕಥೆಯೇ ಹೀಗಿರುವಾಗ, ಊರ ಕೆರೆ ವರ್ಷವೂ ತುಂಬುತ್ತದೆಂದು ನಂಬಿ ಕರಾರು ಬರೆಯುವುದು ಸರಿಯಲ್ಲ.

ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿ.ಮೀ. ಆಸುಪಾಸಿನಲ್ಲಿದೆ. ಹೊಳಲ್ಕೆರೆಯ ಕಡೆ ಸ್ವಲ್ಪ ಹೆಚ್ಚು, ಹಿರಿಯೂರಿನ ಕಡೆ ಕಡಿಮೆ. ಅದರಲ್ಲಿಯೂ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಅಂದರೆ ನಮ್ಮ ಕೆರೆಗಳು ತುಂಬುವುದು ಮಳೆಗಾಲದ ಕೊನೆಯಲ್ಲಿ. ಬೇಸಿಗೆಯಲ್ಲಿ ಬಿಸಿಲಿಗೆ ಆವಿಯಾಗುವ ನೀರೇ ದಿನಕ್ಕೆ ಸುಮಾರು 6ರಿಂದ 7 ಮಿ.ಮೀ., ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 20 ಸೆಂ.ಮೀ. ಫೆಬ್ರವರಿಯಿಂದ ಮೇ ವರೆಗೆ ಯಾರೂ ಒಂದು ಕೊಡ ನೀರು ಎತ್ತದಿದ್ದರೂ ಮುಕ್ಕಾಲು ಮೀಟರಿಗಿಂತ ಹೆಚ್ಚು ಆಳದ ನೀರು ಹಾಗೆಯೇ ಹೋಗುತ್ತದೆ. ಇಂಗುವ ನೀರು, ಅಡಿಕೆ ಮತ್ತು ತೆಂಗಿನ ತೋಟಗಳಿಗೆ ಎತ್ತುವ ನೀರು ಇದಕ್ಕೆ ಹೊರತು.

ಆದುದರಿಂದ ಪ್ರತಿ ಕೆರೆಗೂ ಕೇಳಬೇಕಾದ ಮೊದಲ ಪ್ರಶ್ನೆ: ಸಾಧಾರಣ ವರ್ಷದಲ್ಲಿ ಈ ಕೆರೆಯಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ಆಳದ ನೀರು ಎಷ್ಟು ತಿಂಗಳು ನಿಲ್ಲುತ್ತದೆ? ಇದಕ್ಕೆ ಉತ್ತರ ಬಲ್ಲವರು ನೀರಗಂಟಿಗಳು, ಕುರಿಗಾಹಿಗಳು ಮತ್ತು ಏರಿಯ ಕೆಳಗಿನ ರೈತರು. ಅವರನ್ನು ಕೇಳಿ ಬರೆದಿಡಬೇಕು. ಆರು ತಿಂಗಳಿಗಿಂತ ಕಡಿಮೆ ನೀರು ನಿಲ್ಲುವ ಕೆರೆಯಿಂದ ದೊಡ್ಡ ಮೀನು ನಿರೀಕ್ಷಿಸುವಂತಿಲ್ಲ. ಎಂಟು ತಿಂಗಳು ನಿಲ್ಲುವುದಾದರೆ ಒಳ್ಳೆಯ ಬೆಳೆ ಸಾಧ್ಯ. ವರ್ಷವಿಡೀ ನಿಲ್ಲುವ ಕೆರೆ ನಮ್ಮ ಜಿಲ್ಲೆಯಲ್ಲಿ ಅಪರೂಪದ ಆಸ್ತಿ.

4. ಮೀನುಮರಿಯ ಕಾಲ, ಕೆರೆ ತುಂಬುವ ಕಾಲ

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಮೀನುಗಳು ನಮ್ಮ ಕೆರೆ ಮೀನುಗಾರಿಕೆಗೆ ಆಧಾರ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಸಾಮಾನ್ಯ ಗೆಂಡೆಯೂ ತಳದ ಮೀನೇ. ಹೀಗಾಗಿ ಒಂದರ ಆಹಾರಕ್ಕೆ ಮತ್ತೊಂದು ಅಡ್ಡಬಾರದಂತೆ ಬೆರೆಸಿ ಸಾಕಬಹುದು.

ಈ ಮೂರು ಗೆಂಡೆಗಳು ಹರಿಯುವ ನದಿಯಲ್ಲಿ ಸಂತಾನಾಭಿವೃದ್ಧಿ ಮಾಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಮಾಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಹವಿಜ್ಞಾನಿಗಳು ಗೆಂಡೆ ಮೀನುಗಳಿಗೆ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದು ನೀಡಿ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ. ಇಂದು ಭದ್ರಾ ಯೋಜನಾ ಪ್ರದೇಶದಂತಹ ಕಡೆಗಳ ಮೀನುಮರಿ ಉತ್ಪಾದನಾ ಕೇಂದ್ರಗಳು ನಡೆಯುತ್ತಿರುವುದು ಆ ಶೋಧನೆಯ ಬಲದಿಂದಲೇ.

ನಮ್ಮ ಜಿಲ್ಲೆಯ ನಿಜವಾದ ತೊಡಕು ಇಲ್ಲಿದೆ. ಮರಿಗಳು ಹೇರಳವಾಗಿ ದೊರೆಯುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ನಮ್ಮ ಕೆರೆಗಳು ತುಂಬುವುದು ಅಕ್ಟೋಬರ್ ಹೊತ್ತಿಗೆ. ಜುಲೈನಲ್ಲಿ ತಂದ ಒಂದು ಅಂಗುಲದ ಎಳೆಯ ಮರಿಯನ್ನು ಅರೆಬರೆ ನೀರಿನ ಕೆರೆಗೆ ಬಿಟ್ಟರೆ ಕೊಕ್ಕರೆ, ಹಾವು, ಕೊರವ ಮೀನುಗಳ ಪಾಲಾಗುತ್ತದೆ. ಅಕ್ಟೋಬರಿನಲ್ಲಿ ಹುಡುಕಿಕೊಂಡು ಹೋದರೆ ಬೆರಳುದ್ದದ ಬಲಿತ ಮರಿ ಬೇಕಾದಷ್ಟು ಸಿಗುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ಹೊಲಗಳಲ್ಲೇ ಇದೆ. ಕೃಷಿ ಭಾಗ್ಯ ಮತ್ತು ಉದ್ಯೋಗ ಖಾತರಿ ಯೋಜನೆಗಳಲ್ಲಿ ತೆಗೆದ ಕೃಷಿ ಹೊಂಡಗಳು ಜುಲೈ ತಿಂಗಳ ಮೊದಲ ಹದ ಮಳೆಗೇ ಒಂದಿಷ್ಟು ತುಂಬುತ್ತವೆ. 400 ಚದರ ಮೀಟರ್ ಮೇಲ್ಮೈಯ ಹೊಂಡವೊಂದರಲ್ಲಿ ಸುಮಾರು 10,000 ಎಳೆಮರಿಗಳನ್ನು ಬಿಟ್ಟು, ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮನಾಗಿ ಬೆರೆಸಿ ಪ್ರತಿದಿನ ನೀಡಿದರೆ, ಎರಡು ಎರಡೂವರೆ ತಿಂಗಳಲ್ಲಿ ನೂರಕ್ಕೆ ಅರವತ್ತರಷ್ಟು ಬೆರಳುದ್ದದ ಮರಿಗಳಾಗುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಹಿಂಡಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮಹಿಳಾ ಸ್ವಸಹಾಯ ಸಂಘಗಳು ಈ ಮರಿ ಪಾಲನೆಯನ್ನು ವಹಿಸಿಕೊಂಡು ಊರಿನ ಕೆರೆಗೇ ಮಾರಾಟ ಮಾಡಬಹುದು. ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರುತ್ತದೆ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಅಥವಾ ಏಣಿ ಇಲ್ಲದ ಹೊಂಡದಲ್ಲಿ ಮರಿ ಪಾಲನೆಗೆ ಪಂಚಾಯಿತಿ ಒಪ್ಪಿಗೆ ನೀಡಕೂಡದು. ಮಕ್ಕಳ ಜೀವಕ್ಕಿಂತ ಮೀನು ದೊಡ್ಡದಲ್ಲ.

5. ಒಂದು ಮಾದರಿ ಲೆಕ್ಕ

ಲೆಕ್ಕ ಸುಲಭವಾಗಲೆಂದು ಒಂದು ಕೆರೆಯನ್ನು ಊಹಿಸಿಕೊಳ್ಳೋಣ. ಇಲ್ಲಿನ ದರಗಳೂ ಊಹೆಯವೇ. ಸಭೆಯಲ್ಲಿ ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ಕೆರೆ ತುಂಬಿದಾಗ ನೀರು ಹರಡುವ ವಿಸ್ತೀರ್ಣ: 20 ಹೆಕ್ಟೇರ್
ಬೇಸಿಗೆಯ ಇಳಿತವನ್ನು ಗಮನಿಸಿ ಲೆಕ್ಕಕ್ಕೆ ಹಿಡಿಯುವ ವಿಸ್ತೀರ್ಣ (ಅರ್ಧ): 10 ಹೆಕ್ಟೇರ್
ಹೆಕ್ಟೇರಿಗೆ 2,000ದಂತೆ ಬೆರಳುದ್ದದ ಮರಿ: 20,000
ಬದುಕುಳಿಯುವ ಪ್ರಮಾಣ ಶೇ. 40: 8,000 ಮೀನು
ಎಂಟು ತಿಂಗಳಲ್ಲಿ ಸರಾಸರಿ ತೂಕ 600 ಗ್ರಾಂ: 4,800 ಕೆ.ಜಿ.
ಸಗಟು ದರ ಕೆ.ಜಿ.ಗೆ 100 ರೂ.: 4,80,000 ರೂ.

ಅದೇ 20,000 ಸಂಖ್ಯೆಯ ಎಳೆಮರಿಗಳನ್ನು ನೇರವಾಗಿ ಕೆರೆಗೆ ಬಿಟ್ಟು, ನೂರಕ್ಕೆ ಐದು ಮಾತ್ರ ಉಳಿದವೆಂದರೆ ದೊರೆಯುವುದು 1,000 ಮೀನು, 600 ಕೆ.ಜಿ., ಅಂದರೆ 60,000 ರೂ. ಮರಿಯ ಗಾತ್ರವೊಂದೇ ಎಂಟು ಪಟ್ಟು ವ್ಯತ್ಯಾಸ ಮಾಡುತ್ತದೆ. ಮೇಲೆ ಹೇಳಿದ ಲೆಕ್ಕದ ಕೃಷಿ ಹೊಂಡಗಳು ನಾಲ್ಕು ಇದ್ದರೆ ಈ ಕೆರೆಗೆ ಬೇಕಾದ ಮರಿ ಊರಿನಲ್ಲೇ ಸಿದ್ಧವಾಗುತ್ತದೆ.

ಈಗ ಹರಾಜಿನ ಕಡೆಗೆ ಬರೋಣ. 4,80,000 ರೂಪಾಯಿಯಲ್ಲಿ ಮರಿ, ಬಲೆ, ಹರಿಗೋಲು, ಕಾವಲು, ಕೂಲಿ, ಸಾಗಾಣಿಕೆಯ ಖರ್ಚು ಕಳೆಯಬೇಕು, ಮೀನು ಹಿಡಿಯುವವರ ಮನೆ ನಡೆಯಬೇಕು. ಇಂತಹ ಕೆರೆಗೆ ಯಾರಾದರೂ ವರ್ಷಕ್ಕೆ 4 ಲಕ್ಷ ರೂಪಾಯಿ ಕೂಗಿದರೆ ನಾವು ಚಪ್ಪಾಳೆ ತಟ್ಟುವ ಮೊದಲು ಯೋಚಿಸಬೇಕು: ಈ ಹಣವನ್ನು ಇವರು ಎಲ್ಲಿಂದ ತೆಗೆಯುತ್ತಾರೆ? ಕೆರೆಯನ್ನು ಬರಿದು ಮಾಡಿ ಕೊನೆಯ ಮೀನನ್ನೂ ಹಿಡಿಯುವುದು, ಅಥವಾ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಬಿಟ್ಟು ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವುದು: ಲೆಕ್ಕ ಸರಿಹೊಂದಲು ಉಳಿಯುವ ದಾರಿಗಳು ಇಂತಹವೇ. ಕೆರೆಯ ಶಕ್ತಿಯನ್ನು ಮೀರಿದ ಬಿಡ್ಡಿನ ಭಾರ ಕೊನೆಗೆ ಕೆರೆಯ ಮೇಲೆಯೇ ಬೀಳುತ್ತದೆ.

6. ನದಿಗಳ ನಾಡಿನಿಂದ ಒಂದು ಪಾಠ

ಈ ಸಮಸ್ಯೆ ನೀರಿಲ್ಲದ ನಾಡಿಗೆ ಮಾತ್ರ ಸೀಮಿತವೆಂದು ತಿಳಿಯಬಾರದು. ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳು ಸೇರುವ ಬಾಂಗ್ಲಾದೇಶದಲ್ಲಿ ಮೀನು ಜನರ ನಿತ್ಯದ ಆಹಾರ. ಅಲ್ಲಿ 1950ರ ಕಾಯ್ದೆಯಿಂದ ಜಮೀನ್ದಾರಿ ರದ್ದಾದ ಬಳಿಕ ‘ಜಲಮಹಲ್’ ಎಂದು ಕರೆಯುವ ಜಲರಾಶಿಗಳು ಸರ್ಕಾರದ ವಶಕ್ಕೆ ಬಂದವು. ಸರ್ಕಾರ ಅವುಗಳನ್ನು ಗುತ್ತಿಗೆಗೆ ನೀಡುತ್ತ ಬಂದಿತು. ಹಣವುಳ್ಳವರು ಗುತ್ತಿಗೆ ಹಿಡಿದರು. ತಲೆತಲಾಂತರದಿಂದ ಬಲೆ ಬೀಸುತ್ತಿದ್ದವರು ಅವರ ಕೆಳಗೆ ಕೂಲಿಗಳಾದರು. ಅಲ್ಪಾವಧಿಯ ಗುತ್ತಿಗೆಯಾದುದರಿಂದ ಮುಂದಿನ ವರ್ಷದ ಮೀನಿನ ಚಿಂತೆ ಯಾರಿಗೂ ಇರಲಿಲ್ಲ. ಈ ದೋಷವನ್ನು ತಿದ್ದಲು 1986ರಲ್ಲಿ ನಿಜವಾದ ಮೀನುಗಾರರಿಗೇ ಪರವಾನಗಿ ನೀಡುವ ನೀತಿ ಬಂದಿತು. 1990ರ ದಶಕದ ಮಧ್ಯಭಾಗದಿಂದ ಹಲವು ಜಲರಾಶಿಗಳನ್ನು ಸ್ಥಳೀಯ ಮೀನುಗಾರರ ಗುಂಪುಗಳಿಗೆ ವಹಿಸಿ ನೋಡಲಾಯಿತು. ಆ ಗುಂಪುಗಳು ಜಲರಾಶಿಯ ಆಳವಾದ ಒಂದು ಭಾಗವನ್ನು ‘ಅಭಯತಾಣ’ವೆಂದು ಗುರುತಿಸಿ, ಬೇಸಿಗೆಯಲ್ಲಿ ಅಲ್ಲಿ ಬಲೆ ಹಾಕದೆ ಬಿಟ್ಟವು.

ನಮಗೆ ಇದರಿಂದ ಎರಡು ಪಾಠಗಳಿವೆ. ಒಂದು, ನಾಳೆಯೂ ಇದೇ ನೀರಿಗೆ ಬರಬೇಕಾದವನಿಗೆ ಹಕ್ಕು ಕೊಟ್ಟರೆ ಆತನೇ ಕಾವಲುಗಾರನಾಗುತ್ತಾನೆ. ನಮ್ಮ ಊರುಗಳ ಗಂಗಾಮತಸ್ಥ, ಬೆಸ್ತ ಕುಟುಂಬಗಳು, ಮೀನುಗಾರರ ಸಹಕಾರ ಸಂಘಗಳು ಮತ್ತು ಸ್ವಸಹಾಯ ಸಂಘಗಳಿಗೆ, ಜಾರಿಯಲ್ಲಿರುವ ಸರ್ಕಾರಿ ಆದೇಶಗಳ ಮಿತಿಯೊಳಗೆ, ಆದ್ಯತೆ ನೀಡುವುದಕ್ಕೆ ಇದೇ ಕಾರಣ. ಎರಡು, ಆಳದ ನೀರನ್ನು ಮುಟ್ಟದೆ ಬಿಡುವುದು. ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹು ಮರಿ ಹಾಕದಿದ್ದರೂ ಕೊರವ, ಚೇಳುಮೀನು ಮೊದಲಾದ ಸ್ಥಳೀಯ ಮೀನುಗಳು ಆ ನೀರಿನಲ್ಲಿ ಉಳಿದು ಮುಂದಿನ ಮಳೆಗೆ ಸಂತತಿ ಬೆಳೆಸುತ್ತವೆ. ಬಡವರ ಮನೆಯ ಸಾರಿಗೆ ಹೆಚ್ಚಾಗಿ ಒದಗುವುದು ಆ ಮೀನುಗಳೇ.

7. ಕೆಂಪು ಗೆರೆ ಮತ್ತು ಇತರ ಷರತ್ತುಗಳು

ಕರಾರಿನಲ್ಲಿ ಕಡ್ಡಾಯವಾಗಿ ಇರಬೇಕಾದ ಷರತ್ತುಗಳನ್ನು ಕೆಳಗೆ ನೀಡಿದೆ.

(ಅ) ಕನಿಷ್ಠ ನೀರಿನ ಮಟ್ಟ: ತೂಬಿನ ಕಲ್ಲುಗಂಬದ ಮೇಲೆ ಅಡಿಗಳ ಗುರುತು ಬರೆಸಿ, ಜಾನುವಾರು ಮತ್ತು ಕೊಳವೆಬಾವಿಗೆ ಮೇ ಅಂತ್ಯದವರೆಗೆ ಬೇಕಾದ ಮಟ್ಟದಲ್ಲಿ ಕೆಂಪು ಗೆರೆ ಎಳೆಸಬೇಕು. ಆವಿಯಾಗುವ ನೀರನ್ನೂ ಲೆಕ್ಕಕ್ಕೆ ಹಿಡಿದು ಈ ಮಟ್ಟವನ್ನು ನಿಗದಿಪಡಿಸಬೇಕು. ಮೀನು ಹಿಡಿಯಲೆಂದು ಪಂಪು ಹಚ್ಚುವುದನ್ನು, ತೂಬು ತೆರೆಯುವುದನ್ನು ಸಂಪೂರ್ಣ ನಿಷೇಧಿಸಬೇಕು. ನೀರು ಕೆಂಪು ಗೆರೆಗೆ ಇಳಿದ ಮೇಲೆ ಬೀಸುಬಲೆಯ ಹೊರತು ಎಳೆಬಲೆಗೆ ಅವಕಾಶವಿರಬಾರದು. ಉಲ್ಲಂಘನೆಗೆ ಠೇವಣಿ ಮುಟ್ಟುಗೋಲು.

(ಆ) ಅವಧಿ: ಆದೇಶಗಳು ಅವಕಾಶ ನೀಡುವಷ್ಟು ದೀರ್ಘ ಅವಧಿ. ಒಂದೇ ವರ್ಷದ ಗುತ್ತಿಗೆ ಕೆರೆಯನ್ನು ಬರಿದು ಮಾಡಲು ಆಹ್ವಾನ ಕೊಟ್ಟಂತೆ.

(ಇ) ಬಿತ್ತನೆ: ಬೆರಳುದ್ದದ ಮರಿಯನ್ನೇ ಬಿಡಬೇಕು. ಇಬ್ಬರು ಸದಸ್ಯರು ಮತ್ತು ಮೀನುಗಾರಿಕೆ ಇಲಾಖೆಯ ಸಿಬ್ಬಂದಿಯ ಸಮಕ್ಷಮ ಎಣಿಕೆ ಮಾಡಿ ಮಹಜರು ಬರೆಯಬೇಕು. ಒಂದು ಲೋಟದಲ್ಲಿ ಎಷ್ಟು ಮರಿ ಹಿಡಿಯುತ್ತದೆಂದು ಎಣಿಸಿ, ಎಷ್ಟು ಲೋಟ ಬಿಡಲಾಯಿತೆಂದು ಗುಣಿಸಿದರೆ ಸಾಕು.

(ಈ) ನಿಷೇಧ: ಆಫ್ರಿಕನ್ ಕ್ಯಾಟ್‌ಫಿಶ್, ಮಾಂಸದಂಗಡಿಯ ತ್ಯಾಜ್ಯ, ವಿಷ, ಸಿಡಿಮದ್ದು, ವಿದ್ಯುತ್ ತಂತಿ. ವಿಷ ಮತ್ತು ಸಿಡಿಮದ್ದಿನಿಂದ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ.

(ಉ) ಕೋಡಿಯ ಜಾಲರಿ: ಕೋಡಿ ಹರಿದಾಗ ಮೀನು ಹೊರಹೋಗದಂತೆ ಜಾಲರಿ ಕಟ್ಟುವುದು ವಾಡಿಕೆ. ಕಸಕಡ್ಡಿ ಸಿಕ್ಕಿ ಜಾಲರಿ ಮುಚ್ಚಿಕೊಂಡರೆ ನೀರು ಏರಿಯ ಮೇಲೆ ಹತ್ತುತ್ತದೆ. ಏರಿ ಒಡೆದರೆ ಊರಿಗೇ ಅಪಾಯ. ಆದುದರಿಂದ ಅಭಿಯಂತರರ ಒಪ್ಪಿಗೆಯಿಲ್ಲದೆ ಜಾಲರಿ ಕಟ್ಟಬಾರದು. ಕಟ್ಟಿದರೆ ಮಳೆಯ ರಾತ್ರಿಗಳಲ್ಲಿ ಅದನ್ನು ಶುಚಿ ಮಾಡುವ, ಅಗತ್ಯಬಿದ್ದರೆ ಕಿತ್ತೆಸೆಯುವ ಹೊಣೆ ಗುತ್ತಿಗೆದಾರರದು.

(ಊ) ಸ್ಥಳೀಯ ಮಾರಾಟ: ಹಿಡಿದ ಮೀನಿನ ಒಂದು ಪಾಲನ್ನು ವಾರಕ್ಕೊಮ್ಮೆಯಾದರೂ ಏರಿಯ ಮೇಲೆಯೇ ಊರವರಿಗೆ ನಿಗದಿತ ದರದಲ್ಲಿ ಮಾರಬೇಕು.

(ಋ) ಬರದ ವರ್ಷ: ಕೆರೆ ತುಂಬದಿದ್ದರೆ ಗುತ್ತಿಗೆ ಮೊತ್ತದಲ್ಲಿ ರಿಯಾಯಿತಿ ಅಥವಾ ಅವಧಿ ವಿಸ್ತರಣೆಯ ವಿಧಾನವನ್ನು ಮೊದಲೇ ಬರೆದಿರಬೇಕು. ನಷ್ಟದ ಭಯವೇ ಗುತ್ತಿಗೆದಾರನನ್ನು ಪಂಪು ಹಚ್ಚಲು ಪ್ರೇರೇಪಿಸುತ್ತದೆ.

ಪಟ್ಟಣದ ಚರಂಡಿ ನೀರು ಸೇರುವ ಕೆರೆಗಳ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಕೊಳಚೆ ಹೆಚ್ಚಾದಾಗ ನೀರಿನಲ್ಲಿ ಕರಗಿದ ಆಮ್ಲಜನಕ ಕುಗ್ಗುತ್ತದೆ. ಅದು ಅತ್ಯಂತ ಕಡಿಮೆಯಾಗುವುದು ನಸುಕಿನಲ್ಲಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಮೊದಲ ಸೂಚನೆ. ಅಂತಹ ಕೆರೆಯಲ್ಲಿ ಗುತ್ತಿಗೆಗೆ ಮೊದಲು ಚರಂಡಿಯನ್ನು ತಿರುಗಿಸುವ ಕೆಲಸವಾಗಬೇಕು.

8. ಮೀನುಗಾರರಿಗೆ ತಿಳಿಸಬೇಕಾದ ಸೌಲಭ್ಯಗಳು

2020ರ ಸೆಪ್ಟೆಂಬರ್ 10ರಂದು ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರ ಸಹಾಯಧನವನ್ನು ನಿಗದಿಪಡಿಸಲಾಗಿದೆ. ಮೀನುಗಾರರ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿಗಳ ಅಪಘಾತ ವಿಮೆಯೂ ಅದರಲ್ಲಿ ಸೇರಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಮೀನು ಕೃಷಿಕರಿಗೂ ದೊರೆಯುತ್ತದೆ. ಹರಿಗೋಲು ಮಗುಚಿ ದುಡಿಯುವವನನ್ನು ಕಳೆದುಕೊಂಡ ಮನೆಗೆ, ವಿಮೆಗೆ ಹೆಸರೇ ನೋಂದಣಿಯಾಗಿರಲಿಲ್ಲ ಎಂದು ಆಮೇಲೆ ಹೇಳುವ ಸ್ಥಿತಿ ಬರಬಾರದು. ತಮ್ಮ ವಾರ್ಡಿನಲ್ಲಿ ಬಲೆ ಹಿಡಿಯುವ ಪ್ರತಿಯೊಬ್ಬರ ಪಟ್ಟಿಯನ್ನು ತಾವೇ ಸಿದ್ಧಪಡಿಸಿ, ತಾಲ್ಲೂಕು ಕಚೇರಿಯಲ್ಲಿ ಪ್ರಸಕ್ತ ಸಾಲಿನ ಮಾರ್ಗಸೂಚಿ ವಿಚಾರಿಸಿ, ನೋಂದಣಿ ಮಾಡಿಸಬೇಕೆಂದು ಕೋರುತ್ತೇನೆ.

9. ಮುಂದಿನ ಸಭೆಯ ಚರ್ಚೆಗೆ ಪ್ರಶ್ನೆಗಳು

1) ನಮ್ಮ ವ್ಯಾಪ್ತಿಯಲ್ಲಿ ಗ್ರಾಮ ಪಂಚಾಯಿತಿ ಕೆರೆಗಳೆಷ್ಟು, ಇಲಾಖಾ ಕೆರೆಗಳೆಷ್ಟು?
2) ಪ್ರತಿ ಕೆರೆಯಲ್ಲಿ ಒಂದೂವರೆ ಮೀಟರ್ ಆಳದ ನೀರು ಎಷ್ಟು ತಿಂಗಳು ನಿಲ್ಲುತ್ತದೆ? ಇದನ್ನು ಯಾರನ್ನು ಕೇಳಿ ಬರೆದುಕೊಂಡೆವು?
3) ಹಿಂದಿನ ಗುತ್ತಿಗೆಯ ವರ್ಷದಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ವ್ಯಯವಾಯಿತು? ಗುತ್ತಿಗೆ ಮೊತ್ತದೊಡನೆ ಅದನ್ನು ಹೋಲಿಸಿ ನೋಡಿದ್ದೇವೆಯೇ?
4) ಕೆಂಪು ಗೆರೆ ಎಲ್ಲಿರಬೇಕು? ಗ್ರಾಮಸಭೆಯಲ್ಲಿ ಕುರಿಗಾಹಿಗಳು, ಮಹಿಳೆಯರು, ಅಚ್ಚುಕಟ್ಟಿನ ರೈತರು ಏನು ಹೇಳುತ್ತಾರೆ?
5) ಬೇಲಿ ಇರುವ ಎಷ್ಟು ಕೃಷಿ ಹೊಂಡಗಳು ಮರಿ ಪಾಲನೆಗೆ ದೊರೆಯುತ್ತವೆ?

ನನ್ನ ಮೊದಲ ಕರಾರು ಒಂದೇ ಪುಟದ್ದಾಗಿತ್ತು. ಈಗ ಬರೆಯುವುದು ನಾಲ್ಕು ಪುಟ. ನಂತರ ನಾನು ಕೆಲಸ ಮಾಡಿದ ಪಂಚಾಯಿತಿಯಲ್ಲಿ ತೂಬಿನ ಕಂಬದ ಮೇಲೆ ಕೆಂಪು ಗೆರೆ ಬರೆಸಿದ ವರ್ಷ ಹರಾಜಿನ ಮೊತ್ತ ಹಿಂದಿನದಕ್ಕಿಂತ ಕಡಿಮೆ ಬಂದಿತು. ಕೆಲವು ಸದಸ್ಯರು ಬೇಸರಪಟ್ಟರು. ಆ ಬೇಸಿಗೆಯ ಮೇ ತಿಂಗಳಲ್ಲಿಯೂ ಕೆರೆಯಂಗಳದಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು. ಟ್ಯಾಂಕರ್ ಕರೆಸುವ ಪ್ರಸಂಗ ಬರಲಿಲ್ಲ. ಈ ವರ್ಷದ ಹರಾಜಿನ ದಿನಾಂಕ ನಿಗದಿಪಡಿಸುವ ಮೊದಲು, ತಾವೆಲ್ಲರೂ ಒಮ್ಮೆ ತಮ್ಮ ಕೆರೆಯ ಏರಿಯ ಮೇಲೆ ನಡೆದು, ತೂಬಿನ ಬಳಿ ನಿಂತು, ನೀರಿನ ತಿಂಗಳುಗಳನ್ನು ಎಣಿಸಬೇಕೆಂದು ವಿನಂತಿ.